ಹಳೆ ಬೈಕಿಗೆ ಬೇರೆ ಕಂಪನಿಯ ಸೈಲೆನ್ಸರ್ ಹಾಕಿದ ಮೇಲೆ ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಅನ್ನುವುದೇಕೆ? ಕಾರ್ಬ್ಯುರೇಟರ್ (ಗಾಳಿ, ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಮುಟ್ಟಬೇಕಾ?

ಬಹುಶಃ ಮುಟ್ಟಬೇಕಾಗುತ್ತದೆ. ಆದರೆ ಮೊದಲು ಜಾಯಿಂಟ್ ನೋಡಿ.

ಇಂಜಿನ್ನಿನ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಬೆಂಡ್ ಪೈಪ್, ಇಂಜಿನ್ ಹೆಡ್‌ಗೆ (ಇಂಜಿನ್ನಿನ ಮೇಲ್ಭಾಗ) ಸೇರುವ ಜಾಗದಲ್ಲಿ ಹಳೆ ಗ್ಯಾಸ್ಕೆಟ್ಟನ್ನೇ (ಸಂದು ಮುಚ್ಚುವ ಬಳೆ) ಮತ್ತೆ ಹಾಕಿದ್ದರೆ ಅಲ್ಲಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸುಡದೆ ಉಳಿದ ಪೆಟ್ರೋಲ್ ಬಿಸಿ ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ. ಅದೇ ಆ ಪಟಪಟ. ಆ ಗ್ಯಾಸ್ಕೆಟ್ ಒಮ್ಮೆ ಒತ್ತಿಸಿಕೊಂಡರೆ ಮುಗಿಯಿತು, ಹೊಸದು ಹಾಕಿ.

ಬಿಚ್ಚುವಾಗ ಹುಷಾರು. ಹಳೆ ಬೈಕಿನ ಸ್ಟಡ್‌ಗಳು (ಪೈಪ್ ಹಿಡಿಯುವ ನಟ್ಟು ಕೂರುವ, ಹೆಡ್‌ನಿಂದ ಹೊರಚಾಚಿದ ಮರೆಯ ಕಡ್ಡಿಗಳು) ತುಕ್ಕು ಹಿಡಿದಿರುತ್ತವೆ, ಜೋರು ಮಾಡಿದರೆ ಹೆಡ್‌ನಲ್ಲೇ ಮುರಿಯುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಸ್ಟಡ್ ಮುರಿದರೆ ಸೈಲೆನ್ಸರ್‌ಗಿಂತ ಅದರ ರಿಪೇರಿಯೇ ದೊಡ್ಡ ಕೆಲಸ!

ಕೂರಿಸುವಾಗ ಎಲ್ಲ ನಟ್ಟುಗಳನ್ನೂ ಸಡಿಲವಾಗಿ ಹಾಕಿ, ಮೊದಲು ಹೆಡ್ ಕಡೆಯವನ್ನು ಸ್ವಲ್ಪ ಸ್ವಲ್ಪವಾಗಿ, ಸಮವಾಗಿ ಬಿಗಿ ಮಾಡಿ. ಆಮೇಲೆ ಹಿಂದಿನ ಕ್ಲ್ಯಾಂಪ್. ಒಮ್ಮೆ ಬಿಸಿಯಾಗಿ ಆರಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಇನ್ನೊಂದು ವಿಷಯ, ಕೆಲವು ಬೈಕುಗಳಲ್ಲಿ ಸೆಂಟರ್ ಸ್ಟ್ಯಾಂಡನ್ನು ಮೇಲಕ್ಕೆ ಮಡಚಿದಾಗ ಅದು ತಾಗಿ ನಿಲ್ಲುವುದು ಹಳೆ ಸೈಲೆನ್ಸರಿಗೇ. ಹೊಸದರಲ್ಲಿ ಆ ತಡೆ ಇದೆಯಾ ನೋಡಿಕೊಳ್ಳಿ.

ಇಷ್ಟಾದರೂ ಸದ್ದು ಹೋಗದಿದ್ದರೆ ಕಾರ್ಬ್ಯುರೇಟರ್. ಹೊಸ ಸೈಲೆನ್ಸರಿನಿಂದ ಹೊಗೆ ಸಲೀಸಾಗಿ ಹೊರಹೋದಾಗ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗಬಹುದು. ಪ್ಲಗ್ ಬಿಚ್ಚಿ ನೋಡಿ: ತುದಿ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ತಿಳಿ ಕಂದು ಇದ್ದರೆ ಸರಿ. ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಸದ್ದು ಬಂದರೆ ಪೈಲಟ್ ಸ್ಕ್ರೂ (ಕಾರ್ಬ್ಯುರೇಟರಿನಲ್ಲಿ ಕಡಿಮೆ ಆಕ್ಸಿಲರೇಟರ್‌ನ ಮಿಶ್ರಣ ಹೊಂದಿಸುವ ಸ್ಕ್ರೂ) ತಿರುಗಿಸಿದರೆ ಸಾಕಾಗಬಹುದು. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಎಳೆತ ಕಮ್ಮಿಯಾದರೆ ಮೇನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿಯುವ ತೂತಿನ ಬಿಡಿಭಾಗ) ಒಂದು ಸೈಜ್ ದೊಡ್ಡದು ಹಾಕಿ ನೋಡಿ. ಸುಮ್ನೆ ಎರಡು ಮೂರು ಸೈಜ್ ಹಾರಬೇಡಿ.