ಡಿಸ್ಪ್ಯಾಚ್‌ಗೆ ಸಾಫ್ಟ್‌ವೇರ್ ತಗೊಳ್ಳೋಕೆ ನಮ್ಮ ಫ್ಯಾಕ್ಟರಿ ರೆಡಿ ಇದೆಯಾ ಅಂತ ನೋಡುವುದು ಹೇಗೆ?

ನೀವು ಕೇಳಿರುವುದು ಇಷ್ಟು. ಬೆಳಗಾವಿಯ ಉದ್ಯಮಬಾಗದಲ್ಲಿ ನಿಮ್ಮ ಫ್ಯಾಕ್ಟರಿ, ಪುಣೆಗೂ ಹೊಸೂರಿಗೂ ಮಷಿನಿಂಗ್ ಆದ ಕಾಸ್ಟಿಂಗ್ (ಎರಕದ ಬಿಡಿಭಾಗ) ಹೋಗುತ್ತದೆ. ಮಾಲೀಕರು ಜಿಪಿಎಸ್ ಸಮೇತ ಒಂದು ಟ್ರಾನ್ಸ್‌ಪೋರ್ಟ್ ಸಾಫ್ಟ್‌ವೇರ್ ನೋಡಿಟ್ಟಿದ್ದಾರೆ. ಅದಕ್ಕೆ ನಾವು ರೆಡಿ ಇದ್ದೀವಾ ಅಂತ ನೋಡಿ ಹೇಳುವ ಕೆಲಸ ನಿಮ್ಮ ತಲೆಗೆ ಬಂದಿದೆ. ಕನ್ಸಲ್ಟೆಂಟ್ ಬೇಕಾ ಅಂತಲೂ ಕೇಳಿದ್ದೀರಿ.

ನಾನು ಪೀಣ್ಯದಲ್ಲಿ ಆಟೋ ಪಾರ್ಟ್ಸ್ ಡಿಸ್ಪ್ಯಾಚ್ ನೋಡಿಕೊಳ್ಳುವವನು. ಡೆಮೊ ನೋಡುವುದನ್ನು ಸದ್ಯಕ್ಕೆ ಬಿಡಿ. ಕಳೆದ ತಿಂಗಳ ಹತ್ತು ಲೋಡ್ ಆರಿಸಿ. ಚೆನ್ನಾಗಿ ಹೋದದ್ದನ್ನೇ ಆರಿಸಬೇಡಿ, ಗಲಾಟೆ ಆದದ್ದು, ಅರ್ಜೆಂಟ್ ಅಂತ ಟೆಂಪೋ ಮಾಡಿ ಕಳಿಸಿದ್ದು, ಗೇಟಿನಿಂದ ವಾಪಸ್ ಬಂದದ್ದು ಎಲ್ಲ ಇರಲಿ. ಪ್ರತಿ ಲೋಡಿಗೂ ಶೆಡ್ಯೂಲ್ ಯಾವಾಗ ಬಂತು, ಮಾಲು ಯಾವಾಗ ಪ್ಯಾಕ್ ಆಯ್ತು, ಗಾಡಿ ಎಷ್ಟೊತ್ತಿಗೆ ಕೇಳಿದಿರಿ, ಎಷ್ಟೊತ್ತಿಗೆ ಬಂತು, ಗೇಟ್ ಯಾವಾಗ ದಾಟಿತು, ಗ್ರಾಹಕರ ಹತ್ತಿರ ಯಾವಾಗ ಅನ್‌ಲೋಡ್ ಆಯ್ತು, ಸಹಿ ಸೀಲು ಹಾಕಿದ ಎಲ್‌ಆರ್ (ಲಾರಿ ರಸೀದಿ) ಕಾಪಿ ಯಾವಾಗ ವಾಪಸ್ ಬಂತು, ಬಾಡಿಗೆ ಬಿಲ್ ಯಾವಾಗ ಪಾಸ್ ಆಯ್ತು ಅಂತ ಬರೆಯಿರಿ. ಪಕ್ಕದಲ್ಲಿ ಈ ಮಾಹಿತಿ ಎಲ್ಲಿಂದ ಸಿಕ್ಕಿತು ಅಂತಲೂ ಬರೆಯಿರಿ: ಯಾರಿಗಾದರೂ ಫೋನ್ ಮಾಡಿ ಕೇಳಿದ್ದಾ, ರಿಜಿಸ್ಟರ್ ಅಥವಾ ವಾಟ್ಸ್ಯಾಪ್‌ನಲ್ಲಿ ಹುಡುಕಿದ್ದಾ, ಕಂಪ್ಯೂಟರ್‌ನಲ್ಲಿ ಸೀದಾ ಸಿಕ್ಕಿದ್ದಾ.

ಸಾಮಾನ್ಯವಾಗಿ ಗೇಟ್ ದಾಟುವ ತನಕ ಏನೋ ಒಂದು ಇರುತ್ತದೆ. ಆಮೇಲೆ ಪೂರ್ತಿ ಖಾಲಿ. ಆ ಖಾಲಿ ಜಾಗ ನೋಡಿಯೇ ಮಾಲೀಕರಿಗೆ ಜಿಪಿಎಸ್ ಬೇಕು ಅನ್ನಿಸುವುದು. ಆದರೆ ಗೇಟಿನ ಒಳಗೆ ಇರುವ ಮಾಹಿತಿ ಸರಿ ಇದೆಯಾ ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ, ಅದನ್ನು ಯಾರೂ ಕೇಳುವುದಿಲ್ಲ.

ಅದಕ್ಕೆ ಒಂದು ಸುಲಭದ ಪರೀಕ್ಷೆ ಇದೆ, ದುಡ್ಡೂ ಬೇಡ. 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದ ವಹಿವಾಟು ಇರುವ ಹೆಚ್ಚಿನವರಿಗೆ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್) ಕಡ್ಡಾಯ, ನಿಮಗೂ ಇದ್ದೇ ಇರುತ್ತದೆ. ತಿಂಗಳಿಗೆ ಎಷ್ಟು ಇ-ಇನ್‌ವಾಯ್ಸ್, ಎಷ್ಟು ಇ-ವೇ ಬಿಲ್ (ಮಾಲು ಸಾಗಿಸೋಕೆ ಬೇಕಾದ ಆನ್‌ಲೈನ್ ದಾಖಲೆ) ಕ್ಯಾನ್ಸಲ್ ಮಾಡಿದ್ದೀರಿ ಅಂತ ಅಕೌಂಟ್ಸ್‌ನವರ ಹತ್ತಿರ ತೆಗೆಸಿ. ಎರಡನ್ನೂ ಕ್ಯಾನ್ಸಲ್ ಮಾಡೋಕೆ 24 ಗಂಟೆ ಮಾತ್ರ ಟೈಮ್. ಹಾಗಾಗಿ ಕಾರಣ ಏನಾಗಿತ್ತು ಅಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ, ಆ ಓಡಾಟ ಅವರದೇ ಅಲ್ವಾ. ಬಿಲ್ ಆದ ಮೇಲೆ ಲೋಡಿಂಗ್‌ನಲ್ಲಿ ಪೀಸ್ ಕಮ್ಮಿ ಬಂತು ಅನ್ನುವುದೇ ಜಾಸ್ತಿ ಇದ್ದರೆ, ನಿಮ್ಮಲ್ಲಿ ಎಣಿಕೆಗಿಂತ ಮೊದಲು ಬಿಲ್ ಆಗುತ್ತಿದೆ ಅಂತ ಅರ್ಥ. ಅದರ ಮೇಲೆ ಯಾವ ಸಾಫ್ಟ್‌ವೇರ್ ಕೂರಿಸಿದರೂ ತಪ್ಪು ಲೆಕ್ಕ ಇನ್ನೂ ಬೇಗ ಗ್ರಾಹಕರಿಗೆ ತಲುಪುತ್ತದೆ, ಅಷ್ಟೇ.

ಒಂದೇ ಕ್ವಾಂಟಿಟಿಯನ್ನು ಎಷ್ಟು ಜನ ಎಷ್ಟು ಸಲ ಟೈಪ್ ಮಾಡುತ್ತಾರೆ ಅಂತಲೂ ನೋಡಿ. ಶೆಡ್ಯೂಲ್ ಎಕ್ಸೆಲ್‌ನಲ್ಲಿ ಒಂದು ಸಲ, ಟ್ಯಾಲಿಯಲ್ಲಿ ಒಂದು ಸಲ, ಗ್ರಾಹಕರ ಪೋರ್ಟಲ್‌ನಲ್ಲಿ ಎಎಸ್‌ಎನ್ (ಮಾಲು ಬರುತ್ತಿದೆ ಅನ್ನುವ ಮುಂಗಡ ಸೂಚನೆ) ಹಾಕುವಾಗ ಇನ್ನೊಂದು ಸಲ, ಕೊನೆಗೆ ಟ್ರಾನ್ಸ್‌ಪೋರ್ಟ್‌ನವರು ಎಲ್‌ಆರ್‌ನಲ್ಲಿ ಕೈಯಲ್ಲಿ ಬರೆಯುವುದು. ಪಾರ್ಟ್ ನಂಬರ್ ಕಥೆಯೂ ಇದೇ. ಗ್ರಾಹಕರದು ಒಂದು, ನಿಮ್ಮ ಡ್ರಾಯಿಂಗ್‌ನದು ಒಂದು, ಫ್ಯಾಕ್ಟರಿ ಒಳಗೆ ಕೆಲಸದವರು ಕರೆಯುವ ಹೆಸರು ಮತ್ತೊಂದು. ಈ ಮೂರನ್ನೂ ಸೇರಿಸಿದ ಒಂದು ಪಟ್ಟಿ ಡಿಸ್ಪ್ಯಾಚ್‌ನ ಹಳೇ ಮನುಷ್ಯನ ತಲೆಯಲ್ಲಿ ಮಾತ್ರ ಇದ್ದರೆ, ಸದ್ಯಕ್ಕೆ ಅವರೇ ನಿಮ್ಮ ಸಾಫ್ಟ್‌ವೇರ್. ಅವರು ರಜೆ ಹಾಕಿದ ದಿನ ಏನಾಗುತ್ತದೆ ಅಂತ ನೋಡಿ.

ವಿಳಾಸದ ಪಿನ್ ಕೋಡ್ ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಇ-ವೇ ಬಿಲ್ ಪೋರ್ಟಲ್ ದೂರ ಲೆಕ್ಕ ಹಾಕುವುದೇ ಅದರಿಂದ. 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ದಿನ ವ್ಯಾಲಿಡಿಟಿ. ಅಂದರೆ ನಿಮ್ಮಿಂದ ಪುಣೆಗೆ ಎರಡು ದಿನ, ಹೊಸೂರಿಗೆ ಮೂರು ದಿನ ಸಿಗಬೇಕು. ಪ್ಲಾಂಟಿನ ಪಿನ್ ಬದಲು ಗ್ರಾಹಕರ ಹೆಡ್ ಆಫೀಸಿನ ಪಿನ್ ಮಾಸ್ಟರ್‌ನಲ್ಲಿ (ಕಂಪ್ಯೂಟರ್‌ನಲ್ಲಿರುವ ಗ್ರಾಹಕರ ವಿವರದ ಪಟ್ಟಿಯಲ್ಲಿ) ಕೂತಿದ್ದರೆ ಈ ಲೆಕ್ಕ ಏರುಪೇರಾಗುತ್ತದೆ.

ಇನ್ನು ಗೇಟಿನ ಆಚೆ. ಗಾಡಿಗಳು ನಿಮ್ಮವಾ, ಬಾಡಿಗೆಯವಾ? ಸ್ವಂತದ್ದಾದರೆ ಫಾಸ್ಟ್ಯಾಗ್ ಮೆಸೇಜ್‌ಗಳೇ ಯಾವ ಟೋಲ್ ಎಷ್ಟೊತ್ತಿಗೆ ದಾಟಿತು ಅಂತ ಹೇಳುತ್ತವೆ, ಒಂದು ತಿಂಗಳು ಅದನ್ನೇ ನೋಡಿ. ಬಾಡಿಗೆಯದ್ದಾದರೆ ನೀವು ತಗೊಂಡ ಜಿಪಿಎಸ್ ಯಾವ ಗಾಡಿಗೆ ಹಾಕುತ್ತೀರಿ? ಇವತ್ತು ಬಂದದ್ದು ನಾಳೆ ಬರುವುದಿಲ್ಲ. ಡ್ರೈವರ್‌ನ ಸಿಮ್ ಮೇಲೆ ಟ್ರ್ಯಾಕ್ ಮಾಡಬಹುದು, ಆದರೆ ಅದಕ್ಕೆ ಅವನ ಒಪ್ಪಿಗೆ ಬೇಕು, ಮತ್ತು ಪ್ರತಿ ಟ್ರಿಪ್‌ಗೂ ಸರಿಯಾದ ನಂಬರ್ ಬೇಕು. ಆದ್ದರಿಂದ ಟ್ರಾನ್ಸ್‌ಪೋರ್ಟ್‌ನವರನ್ನು ಕೂರಿಸಿ ಮೂರೇ ವಿಷಯ ಕೇಳಿ: ಗಾಡಿ ನಂಬರ್ ಎರಡು ಗಂಟೆ ಮುಂಚೆ ಕೊಡ್ತೀರಾ, ನಿಮ್ಮ ಗಾಡಿಗಳಲ್ಲಿ ಇರುವ ಜಿಪಿಎಸ್‌ನ ಲಾಗಿನ್ ಕೊಡ್ತೀರಾ, ಸಹಿ ಆದ ಕಾಪಿಯ ಫೋಟೋ ಅನ್‌ಲೋಡ್ ಆದ ದಿನವೇ ಕಳಿಸ್ತೀರಾ. ಮೂರನೆಯದಕ್ಕೆ ಒಪ್ಪಿಸಬೇಕಾದರೆ ಫೋಟೋ ಬಂದ ಬಿಲ್ ಬೇಗ ಪಾಸ್ ಮಾಡಿ. ನಮ್ಮಲ್ಲಿ ಅದೊಂದೇ ಕೆಲಸ ಮಾಡಿದ್ದು, ಗದರಿಸಿದ್ದು ಏನೂ ಉಪಯೋಗ ಆಗಲಿಲ್ಲ.

ಗಾಡಿ ಬೇಗ ಮುಟ್ಟಿದರೂ ಗ್ರಾಹಕರ ಗೇಟಿನಲ್ಲಿ ರಾತ್ರಿಯೆಲ್ಲ ನಿಂತರೆ ಆ ತಡ ನಿಮ್ಮದಲ್ಲ. ಹಾಲ್ಟಿಂಗ್ ಚಾರ್ಜ್ ಮಾತ್ರ ನಿಮ್ಮ ಹೆಸರಿಗೇ ಬರುತ್ತದೆ. ಇದನ್ನು ರಿಪೋರ್ಟಿನಲ್ಲಿ ಬೇರೆಯಾಗಿಯೇ ಬರೆಯಿರಿ.

ಕನ್ಸಲ್ಟೆಂಟ್ ವಿಷಯ. ಸಿಂಗಾಪುರದವರು 2017ರಲ್ಲಿ ತಂದ ಸ್ಮಾರ್ಟ್ ಇಂಡಸ್ಟ್ರಿ ರೆಡಿನೆಸ್ ಇಂಡೆಕ್ಸ್, ಅದೇ ವರ್ಷ ಜರ್ಮನಿಯ ಇಂಜಿನಿಯರಿಂಗ್ ಅಕಾಡೆಮಿ ಅಕಾಟೆಕ್ ತಂದ ಆರು ಹಂತದ ಇಂಡೆಕ್ಸ್, ಇಂಥವನ್ನು ಹಿಡಿದು ಅವರು ಬರುತ್ತಾರೆ. ಕೆಟ್ಟವೇನಲ್ಲ. ಆದರೆ ಅವು ಇಡೀ ಕಂಪನಿಯನ್ನು ಅಳೆಯೋಕೆ ಇರುವಂಥವು. ದಿನಕ್ಕೆ ಮೂರು ನಾಲ್ಕು ಗಾಡಿ ಹೊರಡುವ ಡಿಸ್ಪ್ಯಾಚ್‌ಗೆ ಈಗಲೇ ಅಷ್ಟು ಖರ್ಚು ಬೇಡ ಅಂತ ನನ್ನ ಅಭಿಪ್ರಾಯ. ಮುಂದೆ ಟ್ಯಾಲಿ ಬಿಟ್ಟು ಇಆರ್‌ಪಿಗೆ (ಇಡೀ ಕಂಪನಿಯ ಕೆಲಸ ಒಂದೇ ಕಡೆ ನೋಡುವ ಸಾಫ್ಟ್‌ವೇರ್‌ಗೆ) ಹೋಗುವ ಯೋಚನೆ ಇದ್ದರೆ ಆಗ ಕರೆಸಿ. ಆಗಲೂ ಪಾರ್ಟ್ ನಂಬರ್ ಪಟ್ಟಿ ಮಾಡುವ ಕೆಲಸ ಮಾತ್ರ ಅವರಿಗೆ ಬಿಡಬೇಡಿ. ಆ ಪಾರ್ಟ್‌ಗಳನ್ನು ಕೈಯಲ್ಲಿ ಎತ್ತಿ ಲೋಡ್ ಮಾಡಿಸಿದವರೇ ಅದನ್ನು ಮಾಡಬೇಕು.