ದಾವಣಗೆರೆಯಲ್ಲಿ 30×40 ಸೈಟಿನ ತುಂಬಾ ಮನೆ ಕಟ್ಟಬಹುದಾ?

ಇಲ್ಲ, ತುಂಬಾ ಕಟ್ಟುವಂತಿಲ್ಲ. ಸೆಟ್‌ಬ್ಯಾಕ್, ಅಂದರೆ ಮನೆಯ ಗೋಡೆಗೂ ಸೈಟಿನ ಗಡಿಗೂ ನಡುವೆ ಖಾಲಿ ಜಾಗ, ಬಿಡಲೇಬೇಕು. ಎಷ್ಟು ಅನ್ನುವುದು ಸೈಟಿನ ಅಳತೆಯನ್ನು ಅವಲಂಬಿಸಿರುತ್ತದೆ. ಎಷ್ಟು ಮಹಡಿ ಏರಬಹುದು ಅನ್ನುವುದಕ್ಕೆ ಎಫ್‌ಎಆರ್ ಲೆಕ್ಕ ಬೇಕು, ಅಂದರೆ ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ. ನಿಮ್ಮ ಸೈಟು 1200 ಚದರ ಅಡಿ. ಎಫ್‌ಎಆರ್ 1.75 ಸಿಕ್ಕರೆ ಎಲ್ಲಾ ಮಹಡಿ ಸೇರಿ 2100 ಚದರ ಅಡಿ ಕಟ್ಟಬಹುದು. ಮುಂದಿನ ರಸ್ತೆ ಅಗಲ ಇದ್ದರೆ ಇದು ಜಾಸ್ತಿಯಾಗುತ್ತದೆ.

ಹಳೇಪೇಟೆಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿವೆ, ಜಗಲಿ ಇಳಿದರೆ ರಸ್ತೆಯೇ. ಹೊಸ ಬಡಾವಣೆಗಳಲ್ಲಿ ಮನೆ ಹಿಂದೆ ಸರಿದು, ಮುಂದೆ ಗೇಟು, ಕಾರಿನ ಜಾಗ ಬಂದಿರುವುದು ಈ ಸೆಟ್‌ಬ್ಯಾಕ್ ನಿಯಮದಿಂದಲೇ.

ಪಕ್ಕದ ಜಾಗ ಸುಮ್ನೆ ವೇಸ್ಟ್ ಅಂತ ಬಹಳ ಜನ ಅಲ್ಲೇ ಮೆಟ್ಟಿಲು ಕಟ್ಟಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಕ್ಕದವರೂ ಅದನ್ನೇ ಮಾಡಿದರೆ ಅಡುಗೆಮನೆ ಕಿಟಕಿಗೆ ಗಾಳಿ ಎಲ್ಲಿಂದ ಬರಬೇಕು? ನಮ್ಮೂರಿನ ಏಪ್ರಿಲ್ ಸೆಕೆ ಗೊತ್ತಲ್ವಾ! ಪೈಪು ಸೋರಿದರೆ ರಿಪೇರಿಗೆ ನಿಲ್ಲಲೂ ಜಾಗ ಇರುವುದಿಲ್ಲ.

ಸೈಟು ಇನ್ನೂ ಕೊಂಡಿಲ್ಲವಾದರೆ, ಮಾಸ್ಟರ್ ಪ್ಲಾನ್‌ನಲ್ಲಿ (ಊರಿನ ಯಾವ ಜಾಗ ಯಾವುದಕ್ಕೆ ಅಂತ ಗೊತ್ತುಮಾಡುವ ಯೋಜನೆ) ಅದು ವಸತಿ ವಲಯದಲ್ಲಿದೆಯಾ ಅಂತ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮೊದಲು ವಿಚಾರಿಸಿ. ಮನೆಯ ಪ್ಲಾನ್ ಬರೆಸುವುದು ಆಮೇಲೆ.