ವೈದ್ಯರನ್ನು ಕೇಳಿ: ರಾಣಿಯನ್ನು ಯಾವಾಗ ಕಳಿಸಿಕೊಡಬೇಕು?

ಪ್ರಶ್ನೆ: ಡಾಕ್ಟರೇ, ನಮ್ಮದು ಮೈಸೂರಿನಲ್ಲಿ ಜಟಕಾ ಓಡಿಸಿ ಬದುಕಿದ ಮನೆ. ತಂದೆಗೆ ಈಗ ಎಪ್ಪತ್ತು ದಾಟಿದೆ. ಅರಮನೆ ಸುತ್ತ, ದೇವರಾಜ ಮಾರುಕಟ್ಟೆ ಹತ್ತಿರ ಅವರ ಗಾಡಿ ಎಳೆದವಳು ರಾಣಿ. ಈಗ ಅವಳಿಗೆ 26 ವರ್ಷ. ಗಾಡಿಗೆ ಕಟ್ಟುವುದನ್ನು ಬಿಟ್ಟು ತುಂಬಾ ದಿನವಾಯಿತು, ಮನೆ ಹಿಂದಿನ ಲಾಯದಲ್ಲಿದ್ದಾಳೆ. ಹುಲ್ಲನ್ನು ಅಗಿದು ಉಂಡೆ ಮಾಡಿ ಉಗುಳುತ್ತಾಳೆ. ಪಕ್ಕೆಲುಬು ಕಾಣುತ್ತಿದೆ. ನೆನೆಸಿದ ಹುರುಳಿಯನ್ನು ಮಾತ್ರ ಆಸೆಯಿಂದ ತಿನ್ನುತ್ತಾಳೆ. ಮುಂಗಾಲಿನ ಗಂಟುಗಳ ಮುಂದೆ ತರಚು ಗಾಯ, ಮಾಯುತ್ತಲೇ ಇಲ್ಲ. ಚರಂಡಿ ಹತ್ತಿರ ಎಡವಿರಬೇಕು ಅಂದುಕೊಂಡಿದ್ದೇವೆ. ಹೋದ ತಿಂಗಳು ಒಂದು ಬೆಳಿಗ್ಗೆ ಮಲಗಿದವಳು ಏಳಲೇ ಇಲ್ಲ, ಅಕ್ಕಪಕ್ಕದವರೆಲ್ಲ ಸೇರಿ ಎಬ್ಬಿಸಿದೆವು. ಸೂಜಿ ಹಾಕಿಸಿಬಿಡಿ ಅಂತ ಕೆಲವರು. ಕೊಂದ ಪಾಪ ಬೇಡ, ತಾನಾಗಿ ಹೋಗಲಿ ಅಂತ ತಂದೆ. ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡುವವರೊಬ್ಬರು ಕೊಂಡುಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ಮೊದಲು ಮಾರುವ ಮಾತು ಮುಗಿಸಿಬಿಡೋಣ. ಖಂಡಿತ ಬೇಡ. ಮಲಗಿದರೆ ಏಳಲಾಗದ ಕುದುರೆಯ ಬೆನ್ನ ಮೇಲೆ ಮದುಮಗನನ್ನು ಕೂರಿಸಿ, ಬ್ಯಾಂಡ್ ಸದ್ದಿನಲ್ಲಿ ಡಾಂಬರು ರಸ್ತೆ ಮೇಲೆ ನಡೆಸುತ್ತಾರೆ. ವಯಸ್ಸಾಗಿ ಕೆಲಸಕ್ಕೆ ಆಗದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಬೀದಿಗೆ ಬಿಡುವುದೂ ಅಪರಾಧವೇ. ಕಾನೂನು ಹಾಗಿರಲಿ, ನಿಮ್ಮ ಮನೆಯ ಅನ್ನಕ್ಕೆ ದುಡಿದವಳು ಅವಳು. ಕೊನೆಗಾಲದಲ್ಲಿ ಗುರುತಿಲ್ಲದವರ ಕೈಗೆ ಹೋಗಬಾರದು.

ಪತ್ರ ಓದುವಾಗ ನಾನು ನಿಂತಿದ್ದು ಆ ತರಚು ಗಾಯದ ಹತ್ತಿರ. ಅದು ಚರಂಡಿಯಲ್ಲಿ ಆಗಿದ್ದಲ್ಲ ಅಂತ ನನಗನ್ನಿಸುತ್ತದೆ. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಅದು ಅರ್ಧ ನಿಜ. ತೂಕಡಿಕೆ ನಿಂತೇ ಆಗುತ್ತದೆ. ಕನಸು ಬೀಳುವಂಥ ಗಾಢ ನಿದ್ದೆಗೆ ಮಾತ್ರ ಮಲಗಲೇಬೇಕು. ದಿನಕ್ಕೆ ಹೆಚ್ಚು ಕಡಿಮೆ ಅರ್ಧ ಗಂಟೆ ಅಂಥ ನಿದ್ದೆ ಬೇಕು. ಕೀಲು ನೋವಿರುವ ಮುದಿ ಕುದುರೆಗೆ ಮಲಗುವುದೂ ಕಷ್ಟ, ಏಳುವುದೂ ಕಷ್ಟ. ಹಾಗಾಗಿ ಅದು ಮಲಗುವುದನ್ನೇ ಬಿಟ್ಟುಬಿಡುತ್ತದೆ. ದಿನಗಟ್ಟಲೆ ಹೀಗಾದರೆ ನಿಂತಲ್ಲೇ ಗಾಢ ನಿದ್ದೆ ಹತ್ತಿ ಮುಂಗಾಲು ಕುಸಿಯುತ್ತವೆ. ಗಂಟು ನೆಲಕ್ಕೆ ಬಡಿದು ಎಚ್ಚರವಾಗಿ ಮತ್ತೆ ನಿಲ್ಲುತ್ತದೆ. ಗಾಯ ಮಾಯುವುದರೊಳಗೆ ಮತ್ತೆ ಅದೇ ಜಾಗಕ್ಕೆ ಪೆಟ್ಟು.

ಇದನ್ನು ನೀವೇ ಖಚಿತ ಮಾಡಿಕೊಳ್ಳಬಹುದು. ಬೆಳಿಗ್ಗೆ ಅವಳ ಪಕ್ಕೆಗೆ, ತೊಡೆಗೆ ಲದ್ದಿ ಅಥವಾ ಹುಲ್ಲಿನ ಚೂರು ಅಂಟಿದೆಯೇ ನೋಡಿ. ಅಂಟಿದ್ದರೆ ರಾತ್ರಿ ಮಲಗಿದ್ದಳು ಅಂತ. ಮೈಯೆಲ್ಲ ದಿನಾ ಒಂದೇ ಸಮ ಸ್ವಚ್ಛವಾಗಿದ್ದರೆ ಮಲಗುತ್ತಿಲ್ಲ. ಒಂದು ರಾತ್ರಿ ಮೊಬೈಲಿನಲ್ಲಿ ವಿಡಿಯೋ ಇಟ್ಟು ನೋಡಿದರೆ ಅನುಮಾನವೇ ಉಳಿಯುವುದಿಲ್ಲ.

ಇನ್ನೂ ಮಾಡಬಹುದಾದ ಕೆಲಸ ಇದೆ, ಅದನ್ನು ಮಾಡದೆ ತೀರ್ಮಾನಕ್ಕೆ ಬರಬೇಡಿ. ಪಶುವೈದ್ಯರನ್ನು ಮನೆಗೆ ಕರೆಸಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದವರು ಸಿಗುತ್ತಾರೆ. ಕುದುರೆ ನೋಡಿ ಅನುಭವ ಇರುವ ಡಾಕ್ಟರ್ ಸಿಕ್ಕರೆ ಇನ್ನೂ ಒಳ್ಳೆಯದು. ದವಡೆ ಹಲ್ಲು ಚೂಪಾಗಿ ಕೆನ್ನೆಗೆ ಚುಚ್ಚುತ್ತಿದ್ದರೆ ಅರ ಹಾಕಿ ಸರಿಮಾಡುತ್ತಾರೆ. ಹಲ್ಲೇ ಸವೆದು ಹೋಗಿದ್ದರೆ ಒಣ ಹುಲ್ಲಿನ ಆಸೆ ಬಿಡಿ. ಬೂಸಾ, ನೆನೆಸಿ ಬೇಯಿಸಿ ಅರೆದ ಹುರುಳಿ, ಎಲ್ಲ ನೀರಾಗಿ ಕಲಸಿ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಿ. ಒಂದೇ ಸಲ ಜಾಸ್ತಿ ಹಾಕಿದರೆ ಹೊಟ್ಟೆನೋವು ಶುರುವಾಗುತ್ತದೆ. ಲಾಳ ಇನ್ನೂ ಇದ್ದರೆ ತೆಗೆಸಿ ಗೊರಸು ಕತ್ತರಿಸಿಸಿ. ಲಾಯದ ನೆಲಕ್ಕೆ ದಪ್ಪನೆ ಮರಳು ಹಾಕಿ, ಏಳುವಾಗ ಕಾಲು ಜಾರುವುದಿಲ್ಲ.

ಇನ್ನೊಂದು, ನೋವಿನ ಔಷಧಿಯನ್ನು ಡಾಕ್ಟರ ಲೆಕ್ಕದಲ್ಲೇ ಕೆಲವು ದಿನ ಕೊಟ್ಟು ನೋಡಿ. ಮೆಡಿಕಲ್ ಶಾಪಿನಿಂದ ನೀವೇ ತಂದು ಹಾಕಬೇಡಿ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಔಷಧಿ ಕೊಟ್ಟ ಮೇಲೆ ಅವಳು ಮಲಗಿ, ತಾನೇ ಎದ್ದರೆ ಅವಳಿಗೆ ಇನ್ನೂ ಸ್ವಲ್ಪ ಕಾಲ ಇದೆ. ಆ ಕಾಲವನ್ನು ಸಂತೋಷವಾಗಿ ಕೊಡಿ. ಔಷಧಿ ಕೊಟ್ಟರೂ ಮಲಗುತ್ತಿಲ್ಲ, ಅಥವಾ ಮಲಗಿದರೆ ಏಳುತ್ತಿಲ್ಲ ಅಂದರೆ ಹೊತ್ತು ಬಂದಿದೆ.

ಹುರುಳಿ ತಿನ್ನುತ್ತಾಳಲ್ಲ, ಬದುಕುವ ಆಸೆ ಇದೆಯಲ್ಲ ಅಂತ ತಂದೆ ಹೇಳಬಹುದು. ಕುದುರೆ ನೋವನ್ನು ಹೊರಗೆ ತೋರಿಸುವುದು ಕಡಿಮೆ. ನಾಯಿಯ ಹಾಗೆ ಕುಂಯ್‌ಗುಡುವುದಿಲ್ಲ. ಕೊನೆಯ ದಿನದವರೆಗೂ ತಿಂದ ಕುದುರೆಗಳನ್ನು ನಾನು ಕಂಡಿದ್ದೇನೆ. ಹುರುಳಿಯ ಬಕೆಟ್ಟಿಗಿಂತ ರಾತ್ರಿಯ ನಿದ್ದೆ ನಿಜ ಹೇಳುತ್ತದೆ.

‘ತಾನಾಗಿ ಹೋಗಲಿ’ ಎನ್ನುವ ತಂದೆಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರ ಮನಸ್ಸಿನಲ್ಲಿರುವುದು ನಿದ್ದೆಯಲ್ಲೇ ಹೋಗುವ ಸಾವು. ಕುದುರೆಗೆ ಅಂಥ ಸಾವು ಬರುವುದು ಅಪರೂಪ. ಜಾಸ್ತಿ ಆಗುವುದು ಇದು: ನಡುರಾತ್ರಿ ಬೀಳುತ್ತದೆ. ಏಳಲು ಕಾಲು ಬಡಿಯುತ್ತದೆ, ಕಣ್ಣು, ತಲೆ ನೆಲಕ್ಕೆ ಉಜ್ಜಿ ಗಾಯವಾಗುತ್ತದೆ. ಅಷ್ಟು ದೊಡ್ಡ ಮೈಯ ಭಾರ ಗಂಟೆಗಟ್ಟಲೆ ಒಂದೇ ಪಕ್ಕಕ್ಕೆ ಬಿದ್ದು ಮಾಂಸಖಂಡ ಸಾಯುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಅಪಾಯ ಕಂಡರೆ ಓಡಿ ಬದುಕುವ ಪ್ರಾಣಿ ಅದು. ಓಡಲಾಗದೆ ಬಿದ್ದಿರುವಾಗ ಅದಕ್ಕಾಗುವ ಭಯವನ್ನು ನೋಡಲಾಗುವುದಿಲ್ಲ. ಬೆಳಿಗ್ಗೆ ಯಾರಾದರೂ ಡಾಕ್ಟರ್ ಬಂದು ಅದೇ ಸೂಜಿ ಹಾಕುತ್ತಾರೆ, ಇಷ್ಟೆಲ್ಲ ಅನುಭವಿಸಿದ ಮೇಲೆ. ಇದನ್ನು ತಂದೆಗೆ ಹೀಗೇ ಬಿಡಿಸಿ ಹೇಳಿ. ಅವರು ಕುದುರೆ ಬಲ್ಲವರು, ಅರ್ಥವಾಗುತ್ತದೆ. ತೀರ್ಮಾನವನ್ನೂ ಅವರ ಕೈಯಲ್ಲೇ ಇಡಿ. ದಿನಾ ಕ್ಯಾಲೆಂಡರಿನಲ್ಲಿ ಅವರೇ ಗುರುತು ಹಾಕಲಿ: ರಾತ್ರಿ ಮಲಗಿದಳೇ, ತಾನೇ ಎದ್ದಳೇ, ಇವರ ದನಿ ಕೇಳಿ ಕಿವಿ ತಿರುಗಿಸಿದಳೇ.

ನನ್ನ ಅಭಿಪ್ರಾಯ ಕೇಳಿದರೆ, ಮಳೆ ಹಿಡಿಯುವ ಮೊದಲೇ ನಿರ್ಧಾರ ಆಗಲಿ. ಕೆಸರಿನಲ್ಲಿ ಜಾರಿ ಬಿದ್ದ ಕುದುರೆಯನ್ನು ಎಬ್ಬಿಸುವುದು ಬಹಳ ಕಷ್ಟ, ಗುಂಡಿ ತೋಡುವುದೂ ಕಷ್ಟ.

ಆ ದಿನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಳಕಿರುವಾಗ, ಮೆತ್ತನೆ ಮಣ್ಣಿನ ಜಾಗದಲ್ಲಿ, ಅವಳ ಕಾಲ ಮೇಲೆ ಅವಳು ನಿಂತಿರುವಾಗ ಆಗಲಿ. ಮೊದಲು ಮಂಪರು ಬರಿಸುವ ಸೂಜಿ, ಆಮೇಲೆ ಕತ್ತಿನ ರಕ್ತನಾಳಕ್ಕೆ ಗಾಢ ಅರಿವಳಿಕೆ. ಕುದುರೆ ಥಟ್ಟನೆ ಕುಸಿಯುತ್ತದೆ, ಅದು ನೋಡುವವರಿಗೆ ಆಘಾತ. ಕಣ್ಣು ತೆರೆದೇ ಇರುತ್ತದೆ, ಒಂದೆರಡು ಸಲ ಉಸಿರೆಳೆದಂತೆ ಆಗಬಹುದು, ಚರ್ಮ ಅದುರಬಹುದು. ಅಷ್ಟು ಹೊತ್ತಿಗೆ ಅವಳಿಗೆ ಏನೂ ಗೊತ್ತಾಗುತ್ತಿರುವುದಿಲ್ಲ. ತಂದೆಗೆ ಇದನ್ನು ಮೊದಲೇ ಹೇಳಿ. ಹಗ್ಗ ಡಾಕ್ಟರ ಸಹಾಯಕರು ಹಿಡಿಯಲಿ, ಬೀಳುವಾಗ ಪಕ್ಕದಲ್ಲಿದ್ದವರಿಗೆ ಪೆಟ್ಟಾಗುತ್ತದೆ. ಸ್ವಲ್ಪ ದೂರದಲ್ಲಿ, ಅವಳಿಗೆ ದನಿ ಕೇಳುವಷ್ಟು ಹತ್ತಿರ ತಂದೆ ನಿಲ್ಲಬಹುದು. ನಿಲ್ಲಲಾರೆ ಅಂದರೆ ಒತ್ತಾಯ ಬೇಡ.

ಗುಂಡಿ ತೋಡುವ ಜಾಗ, ಜೆಸಿಬಿ ಹಿಂದಿನ ದಿನವೇ ಗೊತ್ತು ಮಾಡಿ. ಊರೊಳಗೆ ಜಾಗ ಇಲ್ಲದಿದ್ದರೆ ಪಾಲಿಕೆಯವರನ್ನು ವಿಚಾರಿಸಿ. ಬಾವಿ, ಕೆರೆಯಿಂದ ದೂರ ಇರಲಿ, ಆಳವಾಗಿರಲಿ. ಮೈಯಲ್ಲಿ ಆ ಔಷಧಿ ಉಳಿದಿರುತ್ತದೆ. ನಾಯಿ, ಹದ್ದು ತಿಂದರೆ ಅವೂ ಸಾಯಬಹುದು. ಲಾಯದಲ್ಲಿ ಇನ್ನೊಂದು ಕುದುರೆ ಇದ್ದರೆ ಹೂಳುವ ಮೊದಲು ಅದನ್ನು ಕರೆತಂದು ಮೂಸಲು ಬಿಡಿ. ಹಾಗೆ ಮಾಡಿದರೆ ಜೊತೆಗಾತಿಯನ್ನು ಹುಡುಕಿ ಕೆನೆಯುವುದು ಕಡಿಮೆ ಆಗುತ್ತದೆ.